ದಪ್ಪ ಅಕ್ಷರದಲ್ಲಿ ಬಂದ ಅಂಕಿ

ರಾಣೇಬೆನ್ನೂರಿನ ಲ್ಯಾಬಿನಲ್ಲಿ ಕೊಟ್ಟ ರಕ್ತದ ವರದಿ ಈಗ ಮೊದಲು ಬರುವುದು ಮಗನ ಮೊಬೈಲಿಗೆ. ಅಪ್ಪ ಹಲಗೇರಿಯ ಹೊಲದಲ್ಲಿ ಗೋವಿನಜೋಳಕ್ಕೆ ಗೊಬ್ಬರ ಹಾಕಿಸುತ್ತಿರುತ್ತಾರೆ. ಮಗ ಬೆಂಗಳೂರಿನಲ್ಲೋ ಪುಣೆಯಲ್ಲೋ ಕೆಲಸದ ನಡುವೆ ಅದನ್ನು ತೆರೆದು ನೋಡುತ್ತಾನೆ. ಸಕ್ಕರೆ ಪರವಾಗಿಲ್ಲ, ಕಿಡ್ನಿ ಚೆನ್ನಾಗಿದೆ, ಥೈರಾಯ್ಡ್ ಸರಿಯಿದೆ. ಕೊನೆಯ ಪುಟದಲ್ಲಿ ಒಂದು ಸಾಲು ಮಾತ್ರ ದಪ್ಪ ಅಕ್ಷರದಲ್ಲಿದೆ: ಟೋಟಲ್ ಪಿಎಸ್‌ಎ 6.8. ಇರಬೇಕಾದ್ದು 4ರೊಳಗೆ ಎಂದು ಪಕ್ಕದಲ್ಲೇ ಅಚ್ಚಾಗಿದೆ. ಹತ್ತು ನಿಮಿಷ ಮೊಬೈಲಿನಲ್ಲಿ ಹುಡುಕಿದರೆ ಕಣ್ಣಿಗೆ ಬೀಳುವ ಪದ ಒಂದೇ, ಕ್ಯಾನ್ಸರ್. ಸಂಜೆಯೊಳಗೆ ತಮ್ಮನಿಗೆ, ಅಕ್ಕನಿಗೆ, ಹಾವೇರಿಯ ಮಾವನಿಗೆ ಸುದ್ದಿ ಮುಟ್ಟಿರುತ್ತದೆ. ಗೊತ್ತಿಲ್ಲದವರೆಂದರೆ ಅಪ್ಪ ಒಬ್ಬರೇ.

‘ಫುಲ್ ಬಾಡಿ ಚೆಕಪ್’ ಪ್ಯಾಕೇಜುಗಳು ತಾಲ್ಲೂಕು ಊರುಗಳಿಗೂ ಬಂದ ಮೇಲೆ ಇಂಥ ಸಂಜೆಗಳು ಹೆಚ್ಚಾಗಿವೆ. ಐವತ್ತು ದಾಟಿದ ಗಂಡಸರ ಪ್ಯಾಕೇಜಿನಲ್ಲಿ ಪಿಎಸ್‌ಎ ತಾನಾಗಿಯೇ ಸೇರಿರುತ್ತದೆ. ಅದೇನೆಂದು ಕೇಳಿಕೊಂಡು ರಕ್ತ ಕೊಟ್ಟವರು ಕಡಿಮೆ. ಹೀಗಾಗಿ ಉತ್ತರ ಬಂದ ಮೇಲೆ ಪ್ರಶ್ನೆ ಏನಿತ್ತು ಎಂದು ಹುಡುಕುವ ಪಾಡು ಬರುತ್ತದೆ.

ಪ್ರಾಸ್ಟೇಟ್ ಗಂಡಸರಿಗೆ ಮಾತ್ರ ಇರುವ ಗ್ರಂಥಿ. ಮೂತ್ರಕೋಶದ ಕೆಳಗೆ, ಮೂತ್ರನಾಳವನ್ನು ಸುತ್ತುವರಿದು ಕುಳಿತಿರುತ್ತದೆ. ವೀರ್ಯವನ್ನು ತೆಳುಗೊಳಿಸುವ ಒಂದು ಪ್ರೋಟೀನನ್ನು ಅದು ತಯಾರಿಸುತ್ತದೆ. ಅದೇ ಪಿಎಸ್‌ಎ. ಅದರ ಲವಲೇಶ ರಕ್ತಕ್ಕೂ ಸೋರುತ್ತದೆ. ಎಷ್ಟು ಎಂಬುದನ್ನು ಒಂದು ಮಿಲಿಲೀಟರ್ ರಕ್ತದಲ್ಲಿ ಇಷ್ಟು ನ್ಯಾನೋಗ್ರಾಂ ಎಂದು ಅಳೆಯುತ್ತಾರೆ. ನ್ಯಾನೋಗ್ರಾಂ ಎಂದರೆ ಗ್ರಾಮಿನ ನೂರು ಕೋಟಿಯ ಒಂದು ಪಾಲು. ಅಮೆರಿಕದ ರಿಚರ್ಡ್ ಆಬ್ಲಿನ್ 1970ರಲ್ಲಿ ಪ್ರಾಸ್ಟೇಟಿಗೆ ವಿಶಿಷ್ಟವಾದ ಪ್ರತಿಜನಕವನ್ನು ಗುರುತಿಸಿದರು. 1986ರಲ್ಲಿ ಅಲ್ಲಿನ ಔಷಧ ನಿಯಂತ್ರಣ ಸಂಸ್ಥೆ ಪಿಎಸ್‌ಎ ಪರೀಕ್ಷೆಗೆ ಒಪ್ಪಿಗೆ ಕೊಟ್ಟಿದ್ದು, ಆಗಲೇ ಕ್ಯಾನ್ಸರ್ ಇರುವವರ ಚಿಕಿತ್ಸೆ ಹೇಗೆ ನಡೆದಿದೆ ಎಂದು ನೋಡಿಕೊಳ್ಳುವುದಕ್ಕೆ. ಕಾಯಿಲೆಯನ್ನು ಹುಡುಕಲು ಬಳಸಬಹುದೆಂಬ ಒಪ್ಪಿಗೆ ಸಿಕ್ಕಿದ್ದು 1994ರಲ್ಲಿ. ಆಬ್ಲಿನ್ ಅವರೇ 2010ರಲ್ಲಿ ನ್ಯೂಯಾರ್ಕ್ ಟೈಮ್ಸ್ ಪತ್ರಿಕೆಯಲ್ಲಿ ಬರೆದು, ಎಲ್ಲ ಗಂಡಸರಿಗೂ ಈ ಪರೀಕ್ಷೆ ಮಾಡುವುದನ್ನು ಕಟುವಾಗಿ ವಿರೋಧಿಸಿದರು. ಈ ಪ್ರೋಟೀನು ಪ್ರಾಸ್ಟೇಟಿನದೇ ಹೊರತು ಕ್ಯಾನ್ಸರಿನದಲ್ಲ ಎಂಬುದು ಅವರ ಮಾತಿನ ತಿರುಳು.

ಹಿತ್ತಲಿನಲ್ಲಿ ನಾಯಿ ಬೊಗಳಿತೆಂದರೆ ಯಾರೋ ಬಂದಿದ್ದಾರೆ ಎಂಬುದಷ್ಟೇ ಖಚಿತ. ಬಂದವನು ಕಳ್ಳನೋ, ನೆಂಟನೋ, ದಾರಿತಪ್ಪಿದ ಎಮ್ಮೆಯೋ ಎದ್ದು ಹೋಗಿ ನೋಡಬೇಕು. ಪಿಎಸ್‌ಎ ಏರಲು ಇರುವ ಕಾರಣಗಳೂ ಹಾಗೆಯೇ ಹಲವು. ವಯಸ್ಸಿನೊಂದಿಗೆ ಗ್ರಂಥಿ ಊದಿಕೊಳ್ಳುವುದು ಎಲ್ಲಕ್ಕಿಂತ ಸಾಮಾನ್ಯ. ಅದು ಕ್ಯಾನ್ಸರ್ ಅಲ್ಲ, ಕ್ಯಾನ್ಸರ್ ಆಗಿ ತಿರುಗುವುದೂ ಇಲ್ಲ. ಗ್ರಂಥಿಗೆ ಸೋಂಕು ತಗುಲಿ ಉರಿಮೂತ್ರ, ಚಳಿಜ್ವರ ಬಂದಾಗ ಅಂಕಿ ಹತ್ತು, ಇಪ್ಪತ್ತು ದಾಟಿದರೂ ಆಶ್ಚರ್ಯವಿಲ್ಲ. ಮೂತ್ರ ಕಟ್ಟಿಕೊಂಡು ನಳಿಗೆ ಹಾಕಿಸಿಕೊಂಡಿದ್ದರೆ ಏರುತ್ತದೆ. ವೀರ್ಯಸ್ಖಲನವಾದ ಮೇಲೆ ಒಂದೆರಡು ದಿನ ತುಸು ಹೆಚ್ಚಿರಬಹುದು. ಬಹಳ ಹೊತ್ತು ಸೈಕಲ್ ತುಳಿದರೂ ಸ್ವಲ್ಪ ಏರುಪೇರಾಗಬಹುದು. ಇವು ಯಾವುವೂ ಇಲ್ಲದಿದ್ದರೂ ಒಬ್ಬನೇ ಮನುಷ್ಯನ ಪಿಎಸ್‌ಎ ಇವತ್ತಿಗೂ ಮುಂದಿನ ತಿಂಗಳಿಗೂ ಶೇ 15–20ರಷ್ಟು ಹೆಚ್ಚುಕಡಿಮೆಯಾಗುವುದುಂಟು.

ಹೆಚ್ಚಿನ ಲ್ಯಾಬುಗಳು ಎಲ್ಲರಿಗೂ ಒಂದೇ ಗೆರೆ ಎಳೆದು 4 ಎಂದು ಅಚ್ಚುಹಾಕುತ್ತವೆ. ವಯಸ್ಸಿಗೆ ತಕ್ಕಂತೆ ಅಂಕಿ ಬದಲಾಗಬೇಕೆಂದು 1990ರ ದಶಕದಲ್ಲೇ ಹೇಳಿದವರಿದ್ದಾರೆ: ನಲವತ್ತರ ಹರೆಯಕ್ಕೆ 2.5, ಐವತ್ತರ ಹರೆಯಕ್ಕೆ 3.5, ಅರವತ್ತರವರಿಗೆ 4.5, ಎಪ್ಪತ್ತರವರಿಗೆ 6.5. ಹೀಗಾಗಿ ಎಪ್ಪತ್ತೈದರ ಅಜ್ಜನಿಗೆ ದಪ್ಪ ಅಕ್ಷರದಲ್ಲಿ ಬಂದ 5.5ಕ್ಕೆ ನಿದ್ದೆಗೆಡಬೇಕಿಲ್ಲ. ನಲವತ್ತೆಂಟರ ಮಗನಿಗೆ ಸಣ್ಣ ಅಕ್ಷರದಲ್ಲೇ ಬಂದ 3.6ನ್ನು ಹಾಗೇ ಬಿಡುವಂತೆಯೂ ಇಲ್ಲ.

ನಮ್ಮ ಕಡೆ ಇನ್ನೊಂದು ತಪ್ಪು ತಿಳಿವಳಿಕೆ ಆಳವಾಗಿ ಬೇರೂರಿದೆ. ‘ಒಂದಕ್ಕ ಸರಿಯಾಗಿ ಹೋಗ್ತೈತ್ರಿ, ನನಗೇನಾಗೈತಿ’ ಎನ್ನುವವರು ಅಂಕಿಯನ್ನು ಬದಿಗಿಡುತ್ತಾರೆ. ರಾತ್ರಿ ನಾಲ್ಕೈದು ಸಲ ಏಳಬೇಕಾದವರು, ಹನಿಹನಿಯಾಗಿ ಹೋಗುವವರು ಕ್ಯಾನ್ಸರೇ ಇರಬೇಕೆಂದು ಕಂಗಾಲಾಗುತ್ತಾರೆ. ಎರಡೂ ಸರಿಯಲ್ಲ. ವಯಸ್ಸಿನ ಊತ ಗ್ರಂಥಿಯ ನಡುಭಾಗದಲ್ಲಿ, ಮೂತ್ರನಾಳದ ಸುತ್ತಲೇ ಬೆಳೆಯುತ್ತದೆ. ಅದಕ್ಕೇ ನಾಳ ಒತ್ತಿಕೊಂಡು ತೊಂದರೆ ಕಾಣುತ್ತದೆ. ಕ್ಯಾನ್ಸರ್ ಹೆಚ್ಚಾಗಿ ಹುಟ್ಟುವುದು ಹೊರ ಅಂಚಿನಲ್ಲಿ, ನಾಳದಿಂದ ದೂರದಲ್ಲಿ. ಅಲ್ಲಿ ಅದು ವರ್ಷಗಟ್ಟಲೆ ಸದ್ದಿಲ್ಲದೆ ಇರಬಲ್ಲದು. ತೊಂದರೆ ಇರುವವರಲ್ಲಿ ಬಹುಪಾಲು ಜನರಿಗೆ ಇರುವುದು ಊತ. ಏನೂ ತೊಂದರೆ ಇಲ್ಲದವರಲ್ಲೂ ಕೆಲವರಿಗೆ ಕ್ಯಾನ್ಸರ್ ಇರುತ್ತದೆ. ಹೇಗೆ ಮೂತ್ರ ಹೋಗುತ್ತದೆ ಎಂಬುದರ ಮೇಲೆ ತೀರ್ಮಾನ ಮಾಡಲಾಗದು.

ಹಾಗಾದರೆ ಆ 6.8 ಇಟ್ಟುಕೊಂಡು ಮೊದಲು ಮಾಡಬೇಕಾದ್ದೇನು? ಇನ್ನೊಮ್ಮೆ ರಕ್ತ ಕೊಡುವುದು. ಇಷ್ಟು ಸರಳವಾದ ಹೆಜ್ಜೆಯನ್ನು ಬಿಟ್ಟು ಹುಬ್ಬಳ್ಳಿಗೆ ಓಡುವವರನ್ನು ಕಂಡರೆ ನನಗೆ ಸಂಕಟವಾಗುತ್ತದೆ. ಒಮ್ಮೆ ಏರಿದ ಪಿಎಸ್‌ಎ ಮತ್ತೆ ನೋಡಿದಾಗ ಇಳಿದಿರುವುದು ಅಪರೂಪವೇನಲ್ಲ. ಸಾಮಾನ್ಯವಾಗಿ ಕೆಲವು ವಾರ ಬಿಟ್ಟು ಮತ್ತೆ ಪರೀಕ್ಷೆ ಮಾಡಿಸುತ್ತಾರೆ. ಮೂತ್ರದ ಸೋಂಕಿದ್ದರೆ ಅದಕ್ಕೆ ಚಿಕಿತ್ಸೆ ಮುಗಿಸಿ ಆರು ವಾರವಾದರೂ ಕಾಯಬೇಕು. ಸೋಂಕಿನ ಲಕ್ಷಣವೇ ಇಲ್ಲದವರಿಗೆ ‘ಕೋರ್ಸ್ ಆಂಟಿಬಯೋಟಿಕ್ ತಗೊಂಡು ನೋಡೋಣ’ ಎನ್ನುವ ಹಳೆಯ ರೂಢಿಗೆ ಈಗ ಆಧಾರವಿಲ್ಲ. ಎರಡು ದಿನ ಮೊದಲಿನಿಂದ ದಾಂಪತ್ಯವೂ ಬೇಡ, ಸೈಕಲ್ಲೂ ಬೇಡ. ಲ್ಯಾಬು ಮಾತ್ರ ಮೊದಲಿನದೇ ಇರಲಿ. ಒಂದೊಂದು ಲ್ಯಾಬಿನ ಯಂತ್ರ, ರಾಸಾಯನಿಕ ಒಂದೊಂದು ಥರ. ರಾಣೇಬೆನ್ನೂರಿನ ಅಂಕಿಯನ್ನು ದಾವಣಗೆರೆಯ ಅಂಕಿಯ ಪಕ್ಕದಲ್ಲಿಟ್ಟರೆ ಏರಿತೋ ಇಳಿಯಿತೋ ಹೇಳುವುದು ಕಷ್ಟ.

ಮಾತ್ರೆಗಳ ವಿಷಯ ಇಲ್ಲೇ ಹೇಳಬೇಕು. ಇದನ್ನು ಕೇಳುವವರೂ ಹೇಳುವವರೂ ಕಡಿಮೆ. ಪ್ರಾಸ್ಟೇಟ್ ಊತಕ್ಕೆ ಕೊಡುವ ಟಾಮ್ಸುಲೋಸಿನ್ ಪಿಎಸ್‌ಎಯನ್ನು ಬದಲಿಸುವುದಿಲ್ಲ. ಆದರೆ ಅದರ ಜತೆಗೇ ಒಂದೇ ಗುಳಿಗೆಯಲ್ಲಿ ಸೇರಿಬರುವ ಡ್ಯುಟಾಸ್ಟೆರೈಡ್ ಅಥವಾ ಫಿನಾಸ್ಟೆರೈಡ್ ಆರು ತಿಂಗಳಿಂದ ಒಂದು ವರ್ಷದೊಳಗೆ ಪಿಎಸ್‌ಎಯನ್ನು ಸುಮಾರು ಅರ್ಧಕ್ಕೆ ಇಳಿಸುತ್ತದೆ. ಅಂಥ ಗುಳಿಗೆಯ ಮೇಲಿರುವವರ ವರದಿಯಲ್ಲಿ 3.4 ಬಂದರೆ ಲ್ಯಾಬಿನ ಕಾಗದ ಎಲ್ಲ ಸರಿಯಿದೆ ಎನ್ನುತ್ತದೆ. ನಿಜವಾಗಿ ಅದನ್ನು ಎರಡರಿಂದ ಗುಣಿಸಿ 6.8 ಎಂದೇ ಓದಬೇಕು. ಗುಳಿಗೆ ನುಂಗುತ್ತಿರುವಾಗಲೂ ಅಂಕಿ ಏರುತ್ತಿದ್ದರೆ ಅದು ಹೆಚ್ಚು ಗಮನ ಬೇಡುವ ಸಂಗತಿ. ವೈದ್ಯರಲ್ಲಿಗೆ ಹೋಗುವಾಗ ಮಾತ್ರೆಯ ಪಟ್ಟಿಗಳನ್ನೇ ಚೀಲಕ್ಕೆ ಹಾಕಿಕೊಂಡು ಹೋಗುವುದು ಒಳ್ಳೆಯದು.

ಎರಡನೆಯ ಸಲವೂ ಅಂಕಿ ಹೆಚ್ಚಿದ್ದರೆ ಮೂತ್ರರೋಗ ತಜ್ಞರನ್ನು ನೋಡಬೇಕು. ಅವರು ಮಾಡುವ ಮೊದಲ ಪರೀಕ್ಷೆ ಗುದದ್ವಾರದಿಂದ ಬೆರಳಿಟ್ಟು ಗ್ರಂಥಿಯನ್ನು ಮುಟ್ಟಿ ನೋಡುವುದು. ಗಟ್ಟಿಯಾದ ಗಂಟು ಕೈಗೆ ತಾಕಿದರೆ ಪಿಎಸ್‌ಎ ಎಷ್ಟೇ ಇರಲಿ, ಮುಂದಿನ ತಪಾಸಣೆ ಬೇಕೇ ಬೇಕು. ಒಂದು ನಿಮಿಷದ ಈ ಪರೀಕ್ಷೆಗೆ ಒಲ್ಲೆನೆಂದು ಎದ್ದುಬರುವ ಹಿರಿಯರಿದ್ದಾರೆ. ಸೊಂಟದ ಕೆಳಗಿನ ಕಾಯಿಲೆಯನ್ನು ಹೆಂಡತಿಗೂ ಹೇಳದೆ ನುಂಗಿಕೊಳ್ಳುವುದು ನಮ್ಮ ಗಂಡಸರಿಗೆ ರೂಢಿಯಾಗಿದೆ. ನಟ ಶಿವರಾಜ್‌ಕುಮಾರ್ 2024ರ ಡಿಸೆಂಬರ್‌ನಲ್ಲಿ ಮಯಾಮಿಯಲ್ಲಿ ಮೂತ್ರಕೋಶದ ಕ್ಯಾನ್ಸರಿಗೆ ಶಸ್ತ್ರಚಿಕಿತ್ಸೆ ಮಾಡಿಸಿಕೊಂಡು, ಅದನ್ನು ಮುಚ್ಚುಮರೆಯಿಲ್ಲದೆ ನಾಡಿಗೆ ಹೇಳಿದರು. ಅವರದು ಬೇರೆ ಅಂಗ, ಬೇರೆ ಕಾಯಿಲೆ. ಆದರೂ ಆ ಮಾತು ಎಷ್ಟೋ ಮನೆಗಳಲ್ಲಿ ನಾಲಿಗೆ ಸಡಿಲಿಸಿರಬೇಕೆಂದು ನನಗನ್ನಿಸುತ್ತದೆ.

ಇನ್ನು ಬರುವುದು ಅಂಕಿಯನ್ನು ತೂಗಿ ನೋಡುವ ಕೆಲಸ. ಪಿಎಸ್‌ಎ 4ರಿಂದ 10ರ ನಡುವೆ ಇದ್ದವರಿಗೆ ಬಯಾಪ್ಸಿ ಮಾಡಿದಾಗ ನಾಲ್ವರಲ್ಲಿ ಒಬ್ಬರಿಗೆ ಕ್ಯಾನ್ಸರ್ ಕಾಣುತ್ತದೆ ಎಂಬುದು ಪಾಶ್ಚಾತ್ಯ ದೇಶಗಳ ಹಳೆಯ ಲೆಕ್ಕ. 10 ದಾಟಿದರೆ ಸುಮಾರು ಅರ್ಧದಷ್ಟು ಜನರಿಗೆ. ಅಂದರೆ 6.8 ಬಂದವರಲ್ಲಿ ಹೆಚ್ಚಿನವರಿಗೆ ಕ್ಯಾನ್ಸರ್ ಇರುವುದಿಲ್ಲ. ಇರುವವರು ಯಾರು, ಇಲ್ಲದವರು ಯಾರು ಎಂದು ಸೂಜಿ ಚುಚ್ಚುವ ಮೊದಲೇ ಆದಷ್ಟು ಬೇರ್ಪಡಿಸುವುದು ಜಾಣತನ.

ಹಲಗೇರಿಯಲ್ಲಿ ಅಕ್ಕಪಕ್ಕದ ಮನೆಯ ಇಬ್ಬರು ಹಿರಿಯರನ್ನು ಕಲ್ಪಿಸಿಕೊಳ್ಳಿ. ಇಬ್ಬರಿಗೂ ಅರವತ್ನಾಲ್ಕು, ಇಬ್ಬರ ಪಿಎಸ್‌ಎಯೂ 6.8. ಹೊಟ್ಟೆಯ ಸ್ಕ್ಯಾನಿಂಗ್‌ನಲ್ಲಿ ಮೊದಲನೆಯವರ ಗ್ರಂಥಿ 62 ಮಿಲಿಲೀಟರ್ ಗಾತ್ರದ್ದು, ಎರಡನೆಯವರದು 28. ಪಿಎಸ್‌ಎಯನ್ನು ಗಾತ್ರದಿಂದ ಭಾಗಿಸಿದರೆ ಮೊದಲನೆಯವರಿಗೆ 0.11, ಎರಡನೆಯವರಿಗೆ 0.24. ಇದನ್ನು ಪಿಎಸ್‌ಎ ಸಾಂದ್ರತೆ ಎನ್ನುತ್ತಾರೆ. 0.15 ದಾಟಿದರೆ ಅನುಮಾನ ಬಲಿಯುತ್ತದೆ. ದೊಡ್ಡ ಗ್ರಂಥಿ ಹೆಚ್ಚು ಪ್ರೋಟೀನು ಸುರಿಸುವುದು ಸಹಜ; ಸಣ್ಣ ಗ್ರಂಥಿಯಿಂದ ಅಷ್ಟೇ ಬರುತ್ತಿದ್ದರೆ ಏಕೆಂದು ಕೇಳಬೇಕಾಗುತ್ತದೆ. ರಕ್ತದಲ್ಲಿ ಬೇರಾವ ಪ್ರೋಟೀನಿಗೂ ಅಂಟದೆ ಇರುವ ‘ಫ್ರೀ ಪಿಎಸ್‌ಎ’ಯ ಪಾಲನ್ನೂ ಅಳೆಯಬಹುದು. 1998ರಲ್ಲಿ ಪ್ರಕಟವಾದ ಅಮೆರಿಕದ ಅಧ್ಯಯನವೊಂದರಲ್ಲಿ, ಪಿಎಸ್‌ಎ 4–10 ಇದ್ದವರ ಪೈಕಿ ಈ ಪಾಲು ಶೇ 25 ದಾಟಿದವರಲ್ಲಿ ಕ್ಯಾನ್ಸರ್ ಕಂಡದ್ದು ಶೇ 8 ಮಂದಿಗೆ, ಶೇ 10ಕ್ಕಿಂತ ಕಡಿಮೆ ಇದ್ದವರಲ್ಲಿ ಶೇ 56 ಮಂದಿಗೆ. ಮೊದಲನೆಯವರು ಆರು ತಿಂಗಳಿಗೊಮ್ಮೆ ರಕ್ತ ಕೊಡುತ್ತಾ ನೋಡಿಕೊಂಡರೆ ಸಾಕೆಂದು ವೈದ್ಯರು ಹೇಳಬಹುದು. ಎರಡನೆಯವರು ಮುಂದಿನ ತಪಾಸಣೆಗೆ ಹೋಗಲೇಬೇಕು. ಕಾಗದದ ಮೇಲಿನ ದಪ್ಪ ಅಂಕಿ ಮಾತ್ರ ಇಬ್ಬರದೂ ಒಂದೇ ಆಗಿತ್ತು.

ಕಳೆದ ಹತ್ತು ವರ್ಷಗಳಲ್ಲಿ ನಿಜವಾಗಿ ಬದಲಾದದ್ದು ಎಂಆರ್‌ಐ ಜಾಗ. ಮೊದಲು ಪಿಎಸ್‌ಎ ಏರಿತೆಂದರೆ ನೇರವಾಗಿ ಬಯಾಪ್ಸಿ ಮಾಡುತ್ತಿದ್ದರು. ಈಗ ಎಂಆರ್‌ಐ ಮೊದಲು. 2018ರಲ್ಲಿ ಪ್ರಕಟವಾದ ‘ಪ್ರಿಸಿಷನ್’ ಪ್ರಯೋಗದಲ್ಲಿ 500 ಗಂಡಸರನ್ನು ಎರಡು ಗುಂಪು ಮಾಡಿ ನೋಡಿದರು. ಎಂಆರ್‌ಐ ಮೊದಲು ಮಾಡಿದ ಗುಂಪಿನಲ್ಲಿ ಶೇ 28 ಮಂದಿಗೆ ಬಯಾಪ್ಸಿಯೇ ಬೇಕಾಗಲಿಲ್ಲ. ಚಿಕಿತ್ಸೆ ಬೇಕಾದಂಥ ಕ್ಯಾನ್ಸರ್ ಶೇ 38 ಮಂದಿಗೆ ಸಿಕ್ಕಿತು. ನೇರ ಬಯಾಪ್ಸಿಯ ಗುಂಪಿನಲ್ಲಿ ಸಿಕ್ಕಿದ್ದು ಶೇ 26. ನಿರುಪದ್ರವಿ ಕ್ಯಾನ್ಸರನ್ನು ಹುಡುಕಿ ಹೆದರಿಸುವುದೂ ಶೇ 22ರಿಂದ 9ಕ್ಕೆ ಇಳಿಯಿತು. ಎಂಆರ್‌ಐ ವರದಿಯಲ್ಲಿ ‘ಪೈ-ರ‍್ಯಾಡ್ಸ್’ ಎಂದು 1ರಿಂದ 5ರವರೆಗಿನ ಅಂಕ ಇರುತ್ತದೆ. 1, 2 ಬಂದರೆ ಸಾಮಾನ್ಯವಾಗಿ ಕಾಯಬಹುದು. 4, 5 ಬಂದರೆ ಬಯಾಪ್ಸಿ ಬೇಕು. 3 ಬಂದರೆ ಸಾಂದ್ರತೆ, ಕುಟುಂಬದ ಇತಿಹಾಸ ಇವನ್ನೆಲ್ಲ ಸೇರಿಸಿ ವೈದ್ಯರೂ ರೋಗಿಯೂ ಕೂತು ಯೋಚಿಸಬೇಕು. ಹಲಗೇರಿಯವರಿಗೆ ಇದಕ್ಕೆ ದಾವಣಗೆರೆಯೋ ಹುಬ್ಬಳ್ಳಿಯೋ ದಾರಿ. ಖರ್ಚು ಹಲವು ಸಾವಿರದ್ದು. ‘ಪ್ರಾಸ್ಟೇಟ್ ಎಂಆರ್‌ಐ ಓದಿ ಅಭ್ಯಾಸವಿರುವ ರೇಡಿಯಾಲಜಿಸ್ಟ್ ಇದ್ದಾರೆಯೇ’ ಎಂದು ಹೋಗುವ ಮೊದಲೇ ಕೇಳಿಕೊಳ್ಳಬೇಕು. ಯಂತ್ರದಷ್ಟೇ ಓದುವ ಕಣ್ಣೂ ಮುಖ್ಯ.

ಬಯಾಪ್ಸಿ ಎಂದರೆ ಸೂಜಿಯಿಂದ ಗ್ರಂಥಿಯ ಹತ್ತು ಹನ್ನೆರಡು ಚೂರುಗಳನ್ನು ತೆಗೆದು ಸೂಕ್ಷ್ಮದರ್ಶಕದಲ್ಲಿ ನೋಡುವುದು. ಚುಚ್ಚಿದರೆ ಕ್ಯಾನ್ಸರ್ ಕೆರಳಿ ಹರಡುತ್ತದೆ ಎಂಬ ಮಾತು ಬ್ಯಾಡಗಿ ಪೇಟೆಯಿಂದ ಬೆಂಗಳೂರಿನವರೆಗೆ ಎಲ್ಲೆಲ್ಲೂ ಓಡಾಡುತ್ತದೆ. ಪ್ರಾಸ್ಟೇಟಿನ ಮಟ್ಟಿಗೆ ಅದು ಅತ್ಯಂತ ಅಪರೂಪ. ಆ ಭಯಕ್ಕೆ ಬಯಾಪ್ಸಿ ಬಿಡುವಂತಿಲ್ಲ. ನಿಜವಾಗಿ ಎಚ್ಚರ ಬೇಕಾದ್ದು ಸೋಂಕಿನ ಬಗ್ಗೆ. ಗುದದ ಗೋಡೆಯ ಮೂಲಕ ಚುಚ್ಚಿದಾಗ ಕರುಳಿನ ಬ್ಯಾಕ್ಟೀರಿಯಾ ರಕ್ತ ಸೇರುವ ಅಪಾಯವಿದೆ. ವೃಷಣದ ಹಿಂದಿನ ಚರ್ಮದ ಮೂಲಕ ಚುಚ್ಚುವ ವಿಧಾನದಲ್ಲಿ ಆ ಅಪಾಯ ಕಡಿಮೆ. ಯಾವ ವಿಧಾನ ಎಂದು ಕೇಳುವ ಹಕ್ಕು ರೋಗಿಗಿದೆ. ಆಮೇಲೆ ಕೆಲವು ದಿನ ಮೂತ್ರದಲ್ಲಿ, ಕೆಲವು ವಾರ ವೀರ್ಯದಲ್ಲಿ ರಕ್ತ ಕಂಡರೆ ಗಾಬರಿ ಬೇಡ. ಚಳಿಜ್ವರ ಬಂದರೆ ಮಾತ್ರ ಬೆಳಗಾಗಲೆಂದು ಕಾಯದೆ ಅದೇ ರಾತ್ರಿ ಆಸ್ಪತ್ರೆ ಸೇರಬೇಕು. ರಕ್ತ ತೆಳುವಾಗುವ ಮಾತ್ರೆ ತೆಗೆದುಕೊಳ್ಳುತ್ತಿದ್ದರೆ ಮೊದಲೇ ಹೇಳಬೇಕು, ತಾನಾಗಿ ನಿಲ್ಲಿಸಬಾರದು.

ಬಯಾಪ್ಸಿಯಲ್ಲಿ ಕ್ಯಾನ್ಸರ್ ಕಂಡರೂ ಎಲ್ಲವೂ ಒಂದೇ ಅಲ್ಲ. 1960ರ ದಶಕದಲ್ಲಿ ಡೊನಾಲ್ಡ್ ಗ್ಲೀಸನ್ ರೂಪಿಸಿದ ಅಳತೆಯಲ್ಲಿ 6 ಬಂದರೆ ಅದು ನಿಧಾನದ ಕ್ಯಾನ್ಸರ್. 8, 9, 10 ಬಂದರೆ ಉಗ್ರವಾದದ್ದು. 6 ಬಂದವರಲ್ಲಿ ಹೆಚ್ಚಿನವರಿಗೆ ತಕ್ಷಣ ಆಪರೇಷನ್ ಬೇಕಿಲ್ಲ. ಪಿಎಸ್‌ಎ, ಎಂಆರ್‌ಐ, ಮತ್ತೊಂದು ಬಯಾಪ್ಸಿ ಹೀಗೆ ಕ್ರಮವಾಗಿ ನಿಗಾ ಇಟ್ಟರೆ ಸಾಕು. ಬ್ರಿಟನ್ನಿನ ‘ಪ್ರೊಟೆಕ್ಟ್’ ಅಧ್ಯಯನದಲ್ಲಿ ಗ್ರಂಥಿಯೊಳಗೇ ಇದ್ದ ಕ್ಯಾನ್ಸರಿನ 1,643 ಮಂದಿಯನ್ನು ನಿಗಾ, ಶಸ್ತ್ರಚಿಕಿತ್ಸೆ, ವಿಕಿರಣ ಎಂದು ಮೂರು ಗುಂಪು ಮಾಡಿ ಹದಿನೈದು ವರ್ಷ ಹಿಂಬಾಲಿಸಿದರು. 2023ರಲ್ಲಿ ಬಂದ ಫಲಿತಾಂಶದಲ್ಲಿ ಆ ಕ್ಯಾನ್ಸರಿನಿಂದ ಸತ್ತವರು ಒಟ್ಟು ಶೇ 2.7 ಮಾತ್ರ. ಮೂರೂ ಗುಂಪಿನಲ್ಲಿ ಹೆಚ್ಚು ವ್ಯತ್ಯಾಸವಿರಲಿಲ್ಲ. ನಿಗಾ ಗುಂಪಿನಲ್ಲಿ ಬೇರೆಡೆಗೆ ಹರಡಿದ್ದು ಶೇ 9.4, ಉಳಿದೆರಡರಲ್ಲಿ ಶೇ 5ರ ಆಸುಪಾಸು ಎಂಬುದನ್ನೂ ಮರೆಯಬಾರದು. ಅದರ ಎದುರಿಗೆ ಶಸ್ತ್ರಚಿಕಿತ್ಸೆಯಿಂದ ಮೂತ್ರ ಸೋರುವುದು, ಗಂಡಸುತನ ಕುಗ್ಗುವುದು ಇದೆ. ಇಲ್ಲಿ ನನ್ನದೊಂದು ಆತಂಕವಿದೆ. ನಿಗಾ ಎನ್ನುವುದು ಮತ್ತೆ ಮತ್ತೆ ಬರಬಲ್ಲವರಿಗೆ ಮಾತ್ರ ಚಿಕಿತ್ಸೆ. ಬಿತ್ತನೆ ಬಂತು, ಮೆಣಸಿನಕಾಯಿ ಬಿಡಿಸಬೇಕು, ಮಗನಿಗೆ ರಜೆ ಇಲ್ಲ ಎಂದು ಎರಡು ವರ್ಷ ತಿರುಗಿ ನೋಡದಿದ್ದರೆ ಅದು ಬರೀ ನಿರ್ಲಕ್ಷ್ಯವಾಗುತ್ತದೆ. ಬರಲಾಗುವುದಿಲ್ಲವೆಂದರೆ ಅದನ್ನು ವೈದ್ಯರಿಗೆ ಮುಂಚೆಯೇ ಹೇಳಿಬಿಡಬೇಕು. ಆಗ ಆಯ್ಕೆಯೇ ಬೇರೆಯಾಗಬಹುದು.

ಇಷ್ಟೆಲ್ಲ ನಿಧಾನ ಮಾಡಬಾರದ ಸಂದರ್ಭಗಳೂ ಇವೆ. ಪಿಎಸ್‌ಎ ಐವತ್ತು, ನೂರು ಎಂದು ಬಂದರೆ, ಅದರ ಜತೆಗೆ ಬೆನ್ನುಮೂಳೆಯ ನೋವು ರಾತ್ರಿ ಮಲಗಿದಾಗಲೂ ಬಿಡದಿದ್ದರೆ ತಡ ಮಾಡಬಾರದು. ಈ ಕ್ಯಾನ್ಸರ್ ಹೆಚ್ಚಾಗಿ ಹರಡುವುದು ಮೂಳೆಗೆ. ಸೊಂಟನೋವೆಂದು ತಿಂಗಳುಗಟ್ಟಲೆ ಎಣ್ಣೆ ತಿಕ್ಕಿಸಿಕೊಂಡು, ನೋವಿನ ಗುಳಿಗೆ ನುಂಗಿ ಕೊನೆಗೆ ಪಿಎಸ್‌ಎ ಮಾಡಿಸುವವರು ನಮ್ಮ ಜಿಲ್ಲೆಗಳಲ್ಲಿದ್ದಾರೆ. ಕಾಲಿನ ಬಲ ಒಮ್ಮೆಲೇ ಕುಗ್ಗಿದರೆ ಅದೇ ದಿನ ಆಸ್ಪತ್ರೆ ಕಾಣಬೇಕು.

ಏನೂ ತೊಂದರೆ ಇಲ್ಲದವರು ಈ ಪರೀಕ್ಷೆ ಮಾಡಿಸಬೇಕೇ ಎಂಬ ಪ್ರಶ್ನೆಗೆ ಜಗತ್ತು ಇನ್ನೂ ಒಂದೇ ದನಿಯಲ್ಲಿ ಉತ್ತರಿಸಿಲ್ಲ. ಯುರೋಪಿನ ದೊಡ್ಡ ಅಧ್ಯಯನದ 23 ವರ್ಷಗಳ ಫಲಿತಾಂಶ 2025ರಲ್ಲಿ ಬಂತು. ತಪಾಸಣೆಗೆ ಕರೆದ ಗುಂಪಿನಲ್ಲಿ ಈ ಕ್ಯಾನ್ಸರಿನ ಸಾವು ಶೇ 13ರಷ್ಟು ಕಡಿಮೆಯಾಗಿತ್ತು. ಒಂದು ಸಾವು ತಪ್ಪಿಸಲು 456 ಮಂದಿಯನ್ನು ತಪಾಸಣೆಗೆ ಕರೆಯಬೇಕಾಯಿತು. ಲಾಭವಿದೆ, ಆದರೆ ದೊಡ್ಡದಲ್ಲ. ಅಮೆರಿಕದ ತಜ್ಞರ ಮಂಡಳಿ 2018ರಲ್ಲಿ, 55ರಿಂದ 69 ವಯಸ್ಸಿನವರು ವೈದ್ಯರೊಂದಿಗೆ ಮಾತಾಡಿ ತಾವೇ ತೀರ್ಮಾನಿಸಲಿ, 70 ದಾಟಿದವರಿಗೆ ಬೇಡ ಎಂದಿತು. ಅಲ್ಲಿನ ಮಾಜಿ ಅಧ್ಯಕ್ಷ ಜೋ ಬೈಡನ್ ಅವರಿಗೆ 2025ರ ಮೇಯಲ್ಲಿ, 82ರ ವಯಸ್ಸಿನಲ್ಲಿ, ಮೂಳೆಗೆ ಹರಡಿದ ಗ್ಲೀಸನ್ 9ರ ಪ್ರಾಸ್ಟೇಟ್ ಕ್ಯಾನ್ಸರ್ ಪತ್ತೆಯಾಯಿತು. ಅವರ ಕೊನೆಯ ಪಿಎಸ್‌ಎ 2014ರದ್ದು ಎಂದು ಅವರ ಕಚೇರಿ ಹೇಳಿದಾಗ ಈ ಚರ್ಚೆ ಮತ್ತೆ ಹೊತ್ತಿಕೊಂಡಿತು. ಭಾರತದ ಸರ್ಕಾರಿ ಕಾರ್ಯಕ್ರಮದಲ್ಲಿ ಬಾಯಿ, ಸ್ತನ, ಗರ್ಭಕೊರಳಿನ ಕ್ಯಾನ್ಸರಿಗೆ ತಪಾಸಣೆ ಇದೆ, ಪ್ರಾಸ್ಟೇಟಿಗೆ ಇಲ್ಲ. ಬೆಂಗಳೂರಿನ ಕಿದ್ವಾಯಿ ಸಂಸ್ಥೆ 1982ರಿಂದ ನಡೆಸುತ್ತಿರುವ ಕ್ಯಾನ್ಸರ್ ನೋಂದಣಿಯಲ್ಲಿ ಈ ಕಾಯಿಲೆ ಏರುತ್ತಲೇ ಇದೆ. ಎಂಬತ್ತೆರಡರ ಅಜ್ಜನಿಗೆ ಕಾರಣವಿಲ್ಲದೆ ಪಿಎಸ್‌ಎ ಮಾಡಿಸುವುದು ಬೇಡ, ಐವತ್ತೈದರ ಅಪ್ಪನಿಗೆ ವಿವರಿಸಿ ಕೇಳಿ ಮಾಡಿಸಬಹುದು ಎಂಬುದು ನನ್ನ ನಿಲುವು.

ಕೇಳಿ ಎಂಬುದನ್ನು ಒತ್ತಿ ಹೇಳುತ್ತೇನೆ. ‘ಅಪ್ಪಗ ಹೇಳಬ್ಯಾಡ್ರಿ ಸರ, ಮನಸ್ಸಿಗೆ ಹಚ್ಚಿಕೊಂತಾನ’ ಎಂದು ವೈದ್ಯರ ಬಾಗಿಲಲ್ಲಿ ಪಿಸುಗುಡುವ ಮಕ್ಕಳ ಪ್ರೀತಿ ನನಗೆ ಅರ್ಥವಾಗುತ್ತದೆ. ಆದರೆ ಮೂತ್ರ ಸೋರಿದರೂ ಸರಿ ಕ್ಯಾನ್ಸರ್ ತೆಗೆಸಬೇಕೋ, ನಿಗಾ ಇಟ್ಟುಕೊಂಡು ಇರಬೇಕೋ ಎಂಬುದನ್ನು ಮಗ ಹೇಗೆ ತೀರ್ಮಾನಿಸಬಲ್ಲ? ದೇಹ ಅಪ್ಪನದು, ಉಳಿದ ವರ್ಷಗಳೂ ಅವರವು. ಮಳೆ ಕೈಕೊಟ್ಟ ವರ್ಷ ಮತ್ತೆ ಬಿತ್ತಬೇಕೋ ಬೇಡವೋ ಎಂದು ಒಬ್ಬರೇ ನಿರ್ಧರಿಸಿದ ಮನುಷ್ಯನಿಗೆ ಒಂದು ಅಂಕಿಯ ಅರ್ಥ ತಿಳಿಯುವ ಶಕ್ತಿ ಇದೆ. ಕೂತು, ನಿಧಾನವಾಗಿ, ಅವರ ಮಾತಿನಲ್ಲೇ ಹೇಳಬೇಕಷ್ಟೇ.

ಹಣದ ಮಾತೂ ಇದೆ. ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕದಲ್ಲಿ ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ ಚಿಕಿತ್ಸೆ ಸಿಗುತ್ತದೆ. ಎಪಿಎಲ್ ಕುಟುಂಬಕ್ಕೆ ಪ್ಯಾಕೇಜ್ ದರದ ಶೇ 30ರಷ್ಟು. ಖಾಸಗಿ ಆಸ್ಪತ್ರೆಗೆ ಹೋಗುವುದಿದ್ದರೆ ಮೊದಲು ರಾಣೇಬೆನ್ನೂರಿನ ತಾಲ್ಲೂಕು ಆಸ್ಪತ್ರೆಯಿಂದಲೋ ಹಾವೇರಿಯ ಜಿಲ್ಲಾಸ್ಪತ್ರೆಯಿಂದಲೋ ರೆಫರಲ್ ಚೀಟಿ ಬೇಕು. ಸೊಸೈಟಿ ಸದಸ್ಯರಾಗಿರುವ ರೈತರಿಗೆ ಮರುಜಾರಿಯಾದ ಯಶಸ್ವಿನಿಯೂ ಇದೆ. ಆದರೆ ಈ ಯೋಜನೆಗಳು ಬಹುಪಾಲು ದಾಖಲಾಗಿ ಪಡೆಯುವ ಚಿಕಿತ್ಸೆಗೆ. ತಪಾಸಣೆಯ ಹಂತದ ಖರ್ಚು ಸಾಮಾನ್ಯವಾಗಿ ಕೈಯಿಂದಲೇ. ಹುಬ್ಬಳ್ಳಿಯ ಕೆಎಂಸಿಆರ್‌ಐ (ಹಿಂದಿನ ಕಿಮ್ಸ್), ನವನಗರದ ಕ್ಯಾನ್ಸರ್ ಆಸ್ಪತ್ರೆಗಳನ್ನು ವಿಚಾರಿಸಿ ಹೊರಟರೆ ಓಡಾಟ ಕಡಿಮೆಯಾಗುತ್ತದೆ.

ಬಯಾಪ್ಸಿಯಲ್ಲಿ ಏನೂ ಸಿಗದಿದ್ದರೂ ಪಿಎಸ್‌ಎ ನೋಡಿಕೊಳ್ಳುವುದನ್ನು ಬಿಡಬಾರದು. ಸೂಜಿ ಕೆಲವೊಮ್ಮೆ ಗುರಿ ತಪ್ಪುತ್ತದೆ. ಕ್ಯಾನ್ಸರ್ ಸಿಕ್ಕರೆ ತಮ್ಮಂದಿರಿಗೆ, ಗಂಡುಮಕ್ಕಳಿಗೆ ತಿಳಿಸಬೇಕು. ತಂದೆಗೋ ಅಣ್ಣನಿಗೋ ಬಂದಿದ್ದರೆ ಉಳಿದವರ ಅಪಾಯ ಎರಡು ಪಟ್ಟಿನಷ್ಟಾಗುತ್ತದೆ. ಮನೆಯ ಹೆಣ್ಣುಮಕ್ಕಳಿಗೆ ಚಿಕ್ಕ ವಯಸ್ಸಿನಲ್ಲೇ ಸ್ತನ ಕ್ಯಾನ್ಸರ್ ಬಂದಿದ್ದರೆ ಅದೂ ಲೆಕ್ಕಕ್ಕೆ ಬರುತ್ತದೆ. ಅಂಥವರು ಐವತ್ತೈದರವರೆಗೆ ಕಾಯದೆ ನಲವತ್ತೈದರ ಹೊತ್ತಿಗೇ ವೈದ್ಯರೊಂದಿಗೆ ಮಾತಾಡಿ ಮೊದಲ ಪಿಎಸ್‌ಎ ಮಾಡಿಸಿ, ಆ ಕಾಗದವನ್ನು ಮುಂದಿನ ಹೋಲಿಕೆಗೆ ಎತ್ತಿಟ್ಟುಕೊಳ್ಳಬೇಕು.